ಬೀಸುಕಲ್ಲಿನ ಎದುರು ಜಾಗ

ಸಂಪದಾಳಿಗೆ ಒಂದು ಗೋಡೆ ಬೇಕಾಗಿತ್ತು. ಮನೆಯ ಮಾತಲ್ಲ, ಮನೆ ಮಿಯಾಪುರದಲ್ಲಿ ಏಳನೇ ಮಹಡಿಯ ಮೇಲೆ, ನಾಲ್ಕೂ ಗೋಡೆಗಳ ಸಮೇತ ಇತ್ತು. ಅವಳಿಗೆ ಬೇಕಾದದ್ದು ಶಾಲೆಯಲ್ಲಿ, ಇವತ್ತು ಚಿತ್ರ ತೂಗುಹಾಕಿದರೆ ನಾಳೆಯೂ ಅದು ಅಲ್ಲೇ ಇರುವಂಥ ಒಂದು ಗೋಡೆ.

ಕಾಚಿಗೂಡ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಕನ್ನಡದವರೇ ಸೇರಿ ನಡೆಸುವ ಶಾಲೆ ಅದು. ಅಲ್ಲಿ ಸಂಪದಾ ಹನ್ನೊಂದು ವರ್ಷದಿಂದ ಕನ್ನಡ ಕಲಿಸುತ್ತಿದ್ದಳು. ವಿಜ್ಞಾನದವರಿಗೆ ಪ್ರಯೋಗಶಾಲೆ ಇತ್ತು, ಗಣಿತದವರಿಗೆ ಅವರದೇ ಕೋಣೆ ಇತ್ತು, ಕನ್ನಡ ಟೀಚರಿಗೆ ಇದ್ದದ್ದು ಹೆಗಲ ಚೀಲ. ಗಂಟೆ ಹೊಡೆದಾಗಲೆಲ್ಲ ಚೀಲ ಎತ್ತಿಕೊಂಡು ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಓಡಬೇಕು. ಒಮ್ಮೆ ಮಳೆಗಾಲದ ಪದ್ಯಕ್ಕೆಂದು ಎರಡು ದಿನ ಕೂತು ಮೋಡಗಳ ದೊಡ್ಡ ಚಿತ್ರ ಬರೆದು ಅಂಟಿಸಿ ಬಂದಿದ್ದಳು. ಮರುದಿನ ನೋಡಿದರೆ ಮೋಡದ ಮೇಲೆ ಮನುಷ್ಯನ ಜಠರ ಬಂದು ಕೂತಿತ್ತು. ವಿಜ್ಞಾನದವರ ತಪ್ಪೇನಿಲ್ಲ, ಗೋಡೆ ಅವರದು.

ಆದರೆ ಸಂಪದಾ ಹಟ ಬಿಡುವ ಪೈಕಿ ಅಲ್ಲ. ಅವಳ ಮಕ್ಕಳು ರಸ್ತೆಯಲ್ಲಿ ತೆಲುಗು ಆಡುತ್ತಿದ್ದರು, ಅಂಗಡಿಯಲ್ಲಿ ಹಿಂದಿ, ಉಳಿದ ಪಾಠಗಳಿಗೆ ಇಂಗ್ಲಿಷು; ಕನ್ನಡ ಅವರಿಗೆ ಅಡುಗೆಮನೆಯ ಭಾಷೆ, ಉಪ್ಪು ಖಾರದಷ್ಟೇ ಅದರ ಹರವು. ಪದ್ಯದಲ್ಲಿ ಬರುವ ಕಣ, ಕಪಿಲೆ, ಒರಳು, ಗುಡಾಣ ಯಾವುದನ್ನೂ ಅವರು ಕಣ್ಣಿಂದ ಕಂಡವರಲ್ಲ. ಕಾಣದ ವಸ್ತುವಿನ ಹೆಸರು ಕಿವಿಗೆ ಬಿದ್ದರೆ ಅದು ನಿಲ್ಲುವುದೆಲ್ಲಿ? ಕವಿತೆ ಮೊದಲು ಕಣ್ಣಿಗೆ ಬೀಳಬೇಕು, ಆಮೇಲೆ ಕಿವಿಗೆ, ಆಮೇಲೆ ಬಾಯಿಗೆ ಎಂಬುದು ಅವಳ ನಂಬಿಕೆ. ಸಹೋದ್ಯೋಗಿಗಳು ಇದನ್ನು ಸಂಪದಾಳ ಹುಚ್ಚು ಎನ್ನುತ್ತಿದ್ದರು, ಅವಳೂ ಇಲ್ಲವೆನ್ನುತ್ತಿರಲಿಲ್ಲ.

ಹೀಗಿರುವಾಗ ಮುರುಕು ಬೆಂಚುಗಳನ್ನು ತುಂಬಿಟ್ಟಿದ್ದ ಹಿಂದಿನ ಕೋಣೆ ಖಾಲಿಯಾಯಿತು. ಬೆಂಚು ಹೊತ್ತ ಟೆಂಪೋ ಗಲ್ಲಿ ದಾಟುವ ಮೊದಲೇ ಸಂಪದಾ ಶಾಲಾ ಸಮಿತಿಯ ಕಾರ್ಯದರ್ಶಿ ಗುರುರಾಜರ ಮುಂದೆ ನಿಂತಿದ್ದಳು.

ಗುರುರಾಜರು ಮೂವತ್ತೈದು ವರ್ಷ ಸರಕಾರಿ ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದವರು. ಕೈಗೆ ಮದುವೆಯ ಕಾಗದ ಕೊಟ್ಟರೂ ಮೊದಲು ಅದರಲ್ಲಿ ತಪ್ಪು ಹುಡುಕಿ, ಆಮೇಲೆ ವರ ಯಾರು ವಧು ಯಾರು ಎಂದು ನೋಡುವ ಮನುಷ್ಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಜೇಬಿನಲ್ಲಿ ಸದಾ ಒಂದು ಸಣ್ಣ ಚೀಟಿಪುಸ್ತಕ, ಅದರಲ್ಲಿ ಊರವರ ತಪ್ಪುಗಳು.

ಸಂಪದಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕೋಣೆಯನ್ನು ಕವಿತೆಯ ಕೋಣೆ ಮಾಡುತ್ತೇನೆ, ಗೋಡೆ ತುಂಬ ಚಿತ್ರ ಹಾಕುತ್ತೇನೆ, ಮಕ್ಕಳೇ ಅಲ್ಲಿಗೆ ಬರಲಿ, ನನ್ನ ಚೀಲಕ್ಕೆ ಒಂದು ಮೊಳೆ ಸಿಗಲಿ. ಗುರುರಾಜರು ಕನ್ನಡಕ ತೆಗೆದು ಒರೆಸಿದರು. ಹಳೆಯ ಕಡತಗಳನ್ನು ಇಡಲು ಅದೇ ಕೋಣೆಯನ್ನು ನೋಡಿಟ್ಟಿದ್ದೇವೆ ಎಂದರು. ಅವಳ ಮುಖ ನೋಡಿ ಮತ್ತೆ ಒಂದು ಮಾತು ಸೇರಿಸಿದರು.

"ಶನಿವಾರ ಹನ್ನೊಂದಕ್ಕ ನಾವು ನಾಲ್ಕು ಮಂದಿ ಬಂದು ಕೂಡ್ತೀವಿ. ಏಳನೇತ್ತಾ ಮಕ್ಕಳಿಗೆ ಒಂದು ಪದ್ಯ ಕಲಿಸ್ರಿ. ಕಡೀಕ ನಾ ಒಂದ ಪ್ರಶ್ನೆ ಕೇಳ್ತೀನಿ. ಗೈಡಿನೊಳಗ ಇಲ್ಲದ ಉತ್ತರ ಬರಬೇಕು. ಬಂದ್ರ ಕೋಣಿ ನಿಮ್ಮದು, ಇಲ್ಲಂದ್ರ ಕಡತದ್ದು."

ಸಂಪದಾಳಿಗೆ ಆ ಕ್ಷಣವೇ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ಪದ್ಯ ಯಾವುದೆಂದು ಯೋಚಿಸುವ ಕೆಲಸವೇ ಇರಲಿಲ್ಲ. ಏಳನೆಯ ತರಗತಿಯ ಪುಸ್ತಕದಲ್ಲಿ ಬೀಸುಕಲ್ಲಿನ ಮೇಲೆ ಆರು ಸಾಲಿನದೊಂದು ಪದ್ಯವಿತ್ತು. ಮಕ್ಕಳು ಬೀಸುಕಲ್ಲು ಕಂಡಿರಲಿಲ್ಲ, ಗೋಡೆಯ ತುಂಬ ಬರೆಯಲು ಅದಕ್ಕಿಂತ ಒಳ್ಳೆಯ ಚಿತ್ರ ಯಾವುದಿದೆ? ಸಾಲುಗಳು ಇವು:

ಏನು ಬೀಸಲಿ ಇಂದು, ನಸುಕು ಹರಿಯುವ ಮುಂದ?
ಚುಕ್ಕಿ ಬೀಸಲಿ ಕಲ್ಲು, ಬೆಳಕು ಹಿಟ್ಟಾಗಿ ಬೀಳಲಿ.
ಯಾರ ಹಸಿವಿಗೆ ಹಿಟ್ಟು, ಯಾರ ಬುಟ್ಟಿಗೆ ಪಾಲು?
ಹಸಿದು ಬಂದವರಿಗೆಲ್ಲ, ಕೇಳದೆ ಹೋದವರಿಗೂ.
ರಟ್ಟೆ ಸೋತರ ಏನು ಗತಿ, ಹಾಡು ನಿಂತರ ಏನು?
ನನ್ನ ಸೊಲ್ಲು ನಿನ್ನ ಕೈಯಾಗ, ನಿನ್ನ ಸೊಲ್ಲು ನನ್ನ ಕೈಯಾಗ.

ಸೊಲ್ಲು ಎಂದರೆ ಹಾಡಿನ ಒಂದು ಸಾಲು. ಕೊನೆಯ ಸಾಲಿನಲ್ಲಿ ಬರುವ ನೀನು ಯಾರು ಎಂದು ಪರೀಕ್ಷೆಯಲ್ಲಿ ತಪ್ಪದೆ ಕೇಳುತ್ತಿದ್ದರು, ದೇವರು ಎಂದು ಗೈಡು ತಪ್ಪದೆ ಹೇಳುತ್ತಿತ್ತು. ಗೈಡಿನವರಿಗೆ ಅರ್ಥವಾಗದ್ದೆಲ್ಲ ದೇವರೇ. ಹನ್ನೊಂದು ವರ್ಷದಿಂದ ಸಂಪದಾಳೂ ಅದನ್ನೇ ಬರೆಸಿದ್ದಳು ಅನ್ನುವುದನ್ನು ಇಲ್ಲಿ ಮುಚ್ಚಿಡಬಾರದು.

ಸೋಮವಾರದಿಂದ ಶುಕ್ರವಾರದವರೆಗೆ ಏಳನೆಯ ತರಗತಿಗೆ ಹಬ್ಬ. ಇಷ್ಟು ದೊಡ್ಡ ಚಿತ್ರಕ್ಕೆ ಕಾಗದ ಎಲ್ಲಿಂದ ತರುವುದು ಎಂದರೆ ಮಂದಾರ ಎಂಬ ಹುಡುಗಿ, ಟೆಂಟ್ ಹೌಸ್ ಇಟ್ಟಿದ್ದ ತನ್ನ ಸೋದರಮಾವನ ಹತ್ತಿರ ಹೋಗಿ ಹಳೆಯ ಫ್ಲೆಕ್ಸೊಂದನ್ನು ಸುರುಳಿ ಸುತ್ತಿಸಿಕೊಂಡು ಬಂದಳು. ಮುಂಭಾಗದಲ್ಲಿ ಯಾವುದೋ ವಾರ್ಡಿನ ನಾಯಕರು ಹುಟ್ಟುಹಬ್ಬದ ನಿಮಿತ್ತ ಕೈ ಮುಗಿದು ಮೀಸೆಯಡಿಯಲ್ಲಿ ನಗುತ್ತಿದ್ದರು. ಹಿಂಭಾಗ ಮಾತ್ರ ಬೆಳ್ಳಗೆ, ಹತ್ತಡಿ ಉದ್ದ ಆರಡಿ ಎತ್ತರ. ನಾಯಕರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕೋಣೆಯಲ್ಲಿ ಅಷ್ಟು ಅಗಲದ ಗೋಡೆ ಒಂದೇ ಇತ್ತು, ಅದರ ಎಡ ಅರ್ಧದಲ್ಲಿ ಕಿಟಕಿ. ಕಿಟಕಿಯ ಬಾಗಿಲು ಹೊರಗಿನಿಂದ ಮುಚ್ಚಿ, ಅದರ ಮೇಲೆಯೇ ಫ್ಲೆಕ್ಸು ಬಿಗಿದರು.

ಬೀಸುಕಲ್ಲು ಬರೆಯುವ ಮೊದಲು ಸಂಪದಾ ಬೀಸುಕಲ್ಲು ನೋಡಬೇಕಲ್ಲ. ಮಣಿಕೊಂಡದ ಒಂದು ಹೋಟೆಲಿನ ಬಾಗಿಲಲ್ಲಿ ಅವಳು ಬೀಸುಕಲ್ಲು ಕಂಡಿದ್ದಳು; ಅದರ ಬಾಯಿಗೆ ಪ್ಲಾಸ್ಟಿಕ್ ಹೂ ತುಂಬಿದ್ದರು. ಮನೆಯಲ್ಲೂ ಒಂದು ಅರ್ಧ ಇತ್ತು. ಅತ್ತೆ ಗಂಗೂಬಾಯಿ ಮುದ್ದೇಬಿಹಾಳದ ಕಡೆಯಿಂದ ಹೈದರಾಬಾದಿಗೆ ಬಂದಾಗ ಎರಡೂ ಕಲ್ಲು ಹೊರಲಾರದೆ ಮೇಲಿನ ಕಲ್ಲು ಒಂದನ್ನೇ ತಂದಿದ್ದರು. ಅದು ಈಗ ಬಾಲ್ಕನಿಯಲ್ಲಿ ತುಳಸಿ ಕುಂಡದ ಕೆಳಗೆ ಕೂತಿತ್ತು. ಸಂಪದಾ ಕುಂಡ ಸರಿಸಿ, ಕಲ್ಲಿನ ಸುತ್ತಳತೆ ತೆಗೆದುಕೊಂಡು, ಗೂಟ ಸಿಕ್ಕಿಸುವ ತೂತಿಗೆ ಬೆರಳು ಹಾಕಿ ಆಳ ನೋಡಿ, ನಾಲ್ಕು ಕಡೆಯಿಂದ ಫೋಟೋ ಹೊಡೆದಳು. ಅದರಲ್ಲಿ ಹದಿನೈದು ವರ್ಷ ಬೀಸಿದ ಗಂಗೂಬಾಯಿ ಪಕ್ಕದ ಕುರ್ಚಿಯಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಚಿತ್ರ ಮಾತ್ರ ಏನು ಬಂತು ಅಂತೀರಿ. ಬಲ ಅರ್ಧದಲ್ಲಿ ಆಳೆತ್ತರದ ಹೆಂಗಸು, ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ, ಗೂಟದ ಮೇಲೆ ಕೈಯಿಟ್ಟು ಕೂತಿದ್ದಳು. ಹಸಿರು ಇಳಕಲ್ ಸೀರೆಯ ಕೆಂಪು ಸೆರಗಿಗೆ ಮಕ್ಕಳು ನಿಜವಾದ ಬಟ್ಟೆಯ ತುಂಡು ಅಂಟಿಸಿದರು. ಚಾಕಲೇಟಿನ ಬೆಳ್ಳಿ ಹಾಳೆ ಕತ್ತರಿಸಿ ಅವಳ ತಲೆಯ ಮೇಲೆ ಚುಕ್ಕಿ ಹಚ್ಚಿದರು. ರವಿಕಿರಣ ಎಂಬವನು, ಅಪ್ಪನ ರಕ್ಷಣಾ ಕಾರ್ಖಾನೆಯ ಕೆಲಸದಿಂದಾಗಿ ಮೈಸೂರು ಕಡೆಯಿಂದ ಬಂದ ಹುಡುಗ, ಕಲ್ಲಿನ ಅಂಚಿಗೆ ಅಂಟು ಬಳಿದು ಅದರ ಮೇಲೆ ಮನೆಯಿಂದ ತಂದ ಜೋಳದ ಹಿಟ್ಟು ಊದಿದ. ಹಿಟ್ಟು ಸುರಿಯುತ್ತಿದ್ದ ಹಾಗೆಯೇ ಕಂಡಿತು. ಇಪ್ಪತ್ತೆರಡು ಮಕ್ಕಳ ಕೂದಲೂ ಬೆಳ್ಳಗಾಯಿತು. ಎಡ ಅರ್ಧದಲ್ಲಿ ಸಂಪದಾ ಆರೂ ಸಾಲುಗಳನ್ನು ಅಗಲ ಪಟ್ಟಿಗಳ ಮೇಲೆ ಬರೆದು ಪಿನ್ನು ಚುಚ್ಚಿ ಏರಿಸಿದಳು. ಶುಕ್ರವಾರ ಸಂಜೆ ಬಾಗಿಲಲ್ಲಿ ನಿಂತು ನೋಡಿದರೆ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕೋಣೆ ತನ್ನದಾಯಿತು ಎಂದೇ ಅಂದುಕೊಂಡಳು.

ಮೆಟ್ರೋದಲ್ಲಿ ನಿಂತೇ ಮಿಯಾಪುರದವರೆಗೆ ಬಂದರೂ ಕಾಲು ನೋಯಲಿಲ್ಲ. ಮನೆಗೆ ಬಂದವಳೇ ಚಹಾ ಕುಡಿಯುತ್ತಿದ್ದ ಅತ್ತೆಯ ಮೂಗಿನ ಕೆಳಗೆ ಫೋನು ಹಿಡಿದಳು. ಗಂಗೂಬಾಯಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಮೆಚ್ಚಿ ತಲೆದೂಗಿದರು. ಸೀರೆ ಛಲೋ ಬಂದೈತಿ, ಕೂತ ಭಂಗಿ ಬರೋಬರಿ ಐತಿ ಎಂದರು. ಆಮೇಲೆ ಫೋನನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಏನನ್ನೋ ಹುಡುಕಿದರು.

"ಇನ್ನೊಬ್ಬಾಕಿ ಎಲ್ಲಿ?" ಎಂದು ಕೇಳಿದರು.

ಯಾವ ಇನ್ನೊಬ್ಬಾಕಿ ಎಂದಳು ಸಂಪದಾ.

"ಇಕಿ ಒಬ್ಬಾಕಿನ ಕುಂತು ಯಾರ ಕೂಡ ಮಾತಾಡಾಕತ್ತಾಳವ್ವ? ಬೀಸೂಮುಂದ ಇಬ್ಬರು ಕೂಡ್ತಿದ್ವಿ, ಎದರಾಬದರ. ಒಂದ ಗೂಟಕ್ಕ ಇಬ್ಬರ ಕೈ. ನಾ ಒಂದು ಸೊಲ್ಲು ಒಗದ್ರ ನಮ್ಮ ನೆಗೆಣ್ಣಿ ಇನ್ನೊಂದು ಸೊಲ್ಲು ಹಿಡಿತಿದ್ಲು. ಆಕಿ ನಿಂತ್ರ ಕಲ್ಲೂ ನಿಲ್ತಿತ್ತು."

ಅವರು ವಾರಗಿತ್ತಿಯ ಮಾತು ಇಷ್ಟು ಹೇಳಿ ಚಹಾದ ಕಡೆ ತಿರುಗಿದರು, ಅವರಿಗೆ ಇದೇನು ದೊಡ್ಡ ವಿಷಯವಲ್ಲ. ಸಂಪದಾ ನಿಂತಲ್ಲೇ ನಿಂತಳು. ಆರು ಸಾಲುಗಳೂ ತಲೆಯಲ್ಲಿ ಒಮ್ಮೆ ಹಾದುಹೋದವು. ಮೊದಲ ಸಾಲು ಪ್ರಶ್ನೆ, ಎರಡನೆಯದು ಉತ್ತರ. ಮೂರು ಪ್ರಶ್ನೆ, ನಾಲ್ಕು ಉತ್ತರ. ಐದನೆಯದನ್ನು ಕೇಳಿದವಳು ಒಬ್ಬಳು, ಆರನೆಯದನ್ನು ಆಡಿದವಳು ಇನ್ನೊಬ್ಬಳು. ನನ್ನ ಸೊಲ್ಲು ನಿನ್ನ ಕೈಯಾಗ. ದೇವರಲ್ಲ, ಎದುರಿಗೆ ಕೂತವಳು. ಹನ್ನೊಂದು ವರ್ಷ ಒಂದು ಹಾಡನ್ನು ಅರ್ಧ ಸೀಳಿ, ಎರಡೂ ಅರ್ಧವನ್ನು ಒಬ್ಬಳದೇ ಬಾಯಿಗೆ ತುರುಕಿ, ಕೊನೆಗೆ ದೇವರ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದಳಲ್ಲ.

ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹತ್ತು ಪಾಲು ಸಂತೋಷವಾಯಿತು. ಅತ್ತೆಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಚಹಾ ಚೆಲ್ಲೀತು ಎಂದು ಅವರು ಬೈದರು.

ಶನಿವಾರ ಬೆಳಿಗ್ಗೆ ಮೊದಲ ಗಾಡಿಗಳಲ್ಲೊಂದು ಹಿಡಿದು ಕೋಠಿಯ ಹತ್ತಿರ ಇಳಿದು, ಆಟೋ ಹತ್ತಿ ಎಂಟಕ್ಕೆಲ್ಲ ಶಾಲೆ ಸೇರಿದಳು. ಚೀಲದ ತುಂಬ ಬಣ್ಣದ ಡಬ್ಬಿ. ಹನ್ನೊಂದರೊಳಗೆ ಎರಡನೆಯ ಹೆಂಗಸನ್ನು ಬರೆದೇ ತೀರುವುದು ಎಂದು ಅವಳ ಲೆಕ್ಕ. ಪದ್ಯದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕದ ಗೋಡೆಗೆ ಸಾಗಿಸಿದಳು. ಎಡ ಅರ್ಧ ಪೂರ್ತಿ ಖಾಲಿಯಾಯಿತು. ಪೆನ್ಸಿಲ್ಲಿನಲ್ಲಿ ತಲೆಯ ಸುತ್ತು ಎಳೆಯಬೇಕು ಎನ್ನುವಷ್ಟರಲ್ಲಿ ಹೊರಗೆ ಸ್ಕೂಟರಿನ ಸದ್ದು. ಸಮಿತಿಯವರಿಗೆ ಹನ್ನೊಂದಕ್ಕೆ ಯಾರದೋ ಮನೆಯ ಮುಂಜಿಗೆ ಹೋಗಬೇಕಾಗಿ ಬಂದಿತ್ತಂತೆ, ಅದಕ್ಕೇ ಒಂಬತ್ತಕ್ಕೇ ಬಂದುಬಿಟ್ಟಿದ್ದರು. ಪಾಠ ಈಗಲೇ ಆಗಲಿ ಎಂದರು.

ಈಗಲೇ ಎಂದರೆ ಈಗಲೇ. ಮಕ್ಕಳು ಒಳಗೆ ಬಂದು ಚಾಪೆಯ ಮೇಲೆ ಕೂತರು. ಸಮಿತಿಯ ನಾಲ್ವರು ಹಿಂದೆ ಕುರ್ಚಿಗಳಲ್ಲಿ. ಗುರುರಾಜರು ಬಾಗಿಲಲ್ಲಿ ಕಾಲಿಟ್ಟವರೇ ಚಿತ್ರವನ್ನು ಮೇಲಿಂದ ಕೆಳಕ್ಕೆ ನೋಡಿ, ಚೀಟಿಪುಸ್ತಕ ತೆಗೆದು ಏನೋ ಒಂದು ಸಾಲು ಬರೆದುಕೊಂಡರು. ಅವರು ಏನು ಬರೆದಿರಬಹುದೆಂದು ಸಂಪದಾಳಿಗೆ ಗೊತ್ತಾಯಿತು. ತಪ್ಪು ಅವರ ಕಣ್ಣಿಗೆ ಬಿದ್ದಾಗಿತ್ತು.

ಅಷ್ಟು ಸಾಲದೆಂಬಂತೆ ಗುರುರಾಜರು, ಕೋಣೆಯಲ್ಲಿ ಗಾಳಿ ಇಲ್ಲ, ಆ ಕಿಟಕಿ ತೆಗೆಯಲು ಹೇಳಿ ಎಂದರು. ಬೇಡ ಎಂದು ಸಂಪದಾ ಬಾಯಿ ತೆರೆಯುವ ಮೊದಲೇ ಜವಾನ ಹೊರಗಿನಿಂದ ಕಿಟಕಿಯ ಬಾಗಿಲು ಎಳೆದ. ಬೆಳಗಿನ ಬಿಸಿಲು ನೇರ ಫ್ಲೆಕ್ಸಿನ ಬೆನ್ನಿಗೆ ಬಿತ್ತು. ಖಾಲಿ ಬಿದ್ದಿದ್ದ ಎಡ ಅರ್ಧದಲ್ಲಿ, ಬೀಸುವ ಹೆಂಗಸಿನ ಸರಿಯಾಗಿ ಎದುರಿಗೆ, ವಾರ್ಡಿನ ನಾಯಕರು ಮೀಸೆ ಸಮೇತ ಮೂಡಿ ಬಂದರು. ಕೈ ಮುಗಿದುಕೊಂಡೇ ಇದ್ದರು.

ರವಿಕಿರಣ ಬಹಳ ಗಂಭೀರವಾಗಿ, "ಟೀಚರ್, ಹಿಟ್ಟು ಬೀಸಿಸಿಕೊಳ್ಳೋಕೆ ಲೀಡರ್ ಬಂದಿದಾರೆ" ಎಂದ.

ತರಗತಿ ಬಿದ್ದು ಬಿದ್ದು ನಕ್ಕಿತು. ಸಮಿತಿಯ ಇಬ್ಬರು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು, ಗುರುರಾಜರು ನಗಲಿಲ್ಲ. ಸಂಪದಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಗುವ ಮಕ್ಕಳ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದಳು. ಇಪ್ಪತ್ತೆರಡು ಜೋಡಿ ಕಣ್ಣೂ ಆ ಖಾಲಿ ಜಾಗದ ಮೇಲೆಯೇ ಇದ್ದವು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಇಡೀ ತರಗತಿ ಹೀಗೆ ಒಂದೇ ಕಡೆ ನೋಡಿರಲಿಲ್ಲ. ನಾಚಿಕೆ ಎಲ್ಲಿ ಹೋಯಿತೋ ಏನೋ.

ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ನಿಂತಳು.

"ನಕ್ಕಿದ್ದು ಸಾಕು. ಈಗ ಕೇಳ್ರಿ. ಈ ಚಿತ್ರದಾಗ ನಾ ಒಂದು ದೊಡ್ಡ ತಪ್ಪು ಮಾಡೀನಿ. ಈ ಪದ್ಯಾನೂ ಹನ್ನೊಂದು ವರ್ಷ ತಪ್ಪೇ ಕಲಿಸೀನಿ. ಎಲ್ಲಿ ತಪ್ಪೈತಿ, ನೀವು ಹುಡುಕ್ರಿ. ಉತ್ತರ ಪದ್ಯದಾಗ ಐತಿ."

ಟೀಚರ ತಪ್ಪು ಹುಡುಕುವುದೆಂದರೆ ಯಾವ ಮಕ್ಕಳಿಗೆ ಬೇಡ? ಚಾಪೆಯ ಮೇಲಿದ್ದವರೆಲ್ಲ ಎದ್ದು ನುಗ್ಗಿದರು. ಬಳೆ ಒಂದು ಕೈಗೆ ಹೆಚ್ಚಾಗಿದೆ ಎಂದ ಒಬ್ಬ. ನಸುಕಿನಲ್ಲಿ ಅಷ್ಟೊಂದು ಚುಕ್ಕಿ ಇರುವುದಿಲ್ಲ ಎಂದಳು ಇನ್ನೊಬ್ಬಳು. ಲೀಡರೇ ತಪ್ಪು ಎಂದ ರವಿಕಿರಣ, ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಸಂಪದಾ ಪ್ರತಿಯೊಂದಕ್ಕೂ ಪಕ್ಕದ ಗೋಡೆಯ ಪಟ್ಟಿಗಳನ್ನು ತೋರಿಸಿ, ಪದ್ಯ ಹಾಗೆ ಹೇಳುತ್ತದೆಯೇ ನೋಡಿ ಎಂದಳು. ಮಕ್ಕಳು ಪಟ್ಟಿಯಿಂದ ಚಿತ್ರಕ್ಕೆ, ಚಿತ್ರದಿಂದ ಪಟ್ಟಿಗೆ ಓಡಾಡಿದರು. ವರ್ಷವಿಡೀ ಪದ್ಯ ಓದಲು ಹಿಂದೆ ಸರಿಯುತ್ತಿದ್ದವರು ಈಗ ಒಬ್ಬರ ಮೇಲೊಬ್ಬರು ಬಿದ್ದು ಗಟ್ಟಿಯಾಗಿ ಓದುತ್ತಿದ್ದರು. ಹೊರಗೆ ಸ್ಟೇಶನ್ನಿನಲ್ಲಿ ಯಾವುದೋ ಗಾಡಿ ಬಂದು ಹೋದದ್ದೂ ಕೇಳಿಸಲಿಲ್ಲ.

ಮಂದಾರ ಮಾತ್ರ ಓಡಾಡಲಿಲ್ಲ. ಪಟ್ಟಿಗಳ ಮುಂದೆ ನಿಂತು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು. ಮೊದಲ ಸಾಲು ಓದಿ ಚಿತ್ರದ ಹೆಂಗಸನ್ನು ನೋಡಿದಳು. ಎರಡನೆಯ ಸಾಲು ಓದಿ ಮತ್ತೆ ನೋಡಿದಳು. ತಾನೇ ಕೇಳಿ ತಾನೇ ಹೇಳುವುದುಂಟೇ ಎಂಬಂತೆ ಹುಬ್ಬು ಗಂಟಾಯಿತು. ಆಮೇಲೆ ಯಾರಿಗೂ ಏನೂ ಹೇಳದೆ ಚಿತ್ರದ ಹತ್ತಿರ ಬಂದಳು. ನಾಯಕರ ಮೀಸೆಯ ಮುಂದೆ, ಹೆಂಗಸಿನ ಎದುರಿಗೆ ನೆಲದ ಮೇಲೆ ಕೂತು, ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ, ಬರೆದ ಗೂಟದ ಮೇಲೆ ತನ್ನ ಕೈಯಿಟ್ಟಳು.

"ಇಲ್ಲಿ ಒಬ್ಬಾಕಿ ಇರಬೇಕಿತ್ತರಿ," ಎಂದಳು. "ಅಕಿ ಕೇಳ್ತಾಳ, ಇಕಿ ಹೇಳ್ತಾಳ."

ಸಂಪದಾ ಕೈ ಬೀಸಿ ತರಗತಿಯನ್ನು ಎರಡು ಪಾಲು ಮಾಡಿದಳು. ಹೆಂಗಸಿನ ಕಡೆಯವರು ಏನು ಬೀಸಲಿ ಇಂದು ಎಂದರು. ಮಂದಾರಳ ಕಡೆಯವರು ಚುಕ್ಕಿ ಬೀಸಲಿ ಕಲ್ಲು ಎಂದರು. ಮೊದಲ ಸಲ ಎಡವಿದರು, ಎರಡನೆಯ ಸಲಕ್ಕೆ ಸಾಲಿಗೆ ಸಾಲು ಕೂಡಿಕೊಂಡಿತು, ಮೂರನೆಯ ಸಲಕ್ಕೆ ಕಲ್ಲು ತಿರುಗಿದ ಹಾಗೆ ಪದ್ಯ ತನ್ನಷ್ಟಕ್ಕೆ ತಿರುಗತೊಡಗಿತು. ಕೊನೆಯ ಸಾಲಿಗೆ ಬಂದಾಗ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೈ ತೋರಿಸಿ, ನನ್ನ ಸೊಲ್ಲು ನಿನ್ನ ಕೈಯಾಗ ಎಂದು ಕೂಗಿದರು. ಹಾಗೆ ಕೈ ತೋರಿಸಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗುರುರಾಜರು ಕೈ ಎತ್ತಿದರು. ಪ್ರಶ್ನೆಯ ಹೊತ್ತು ಬಂದಿತ್ತು. ಅವರ ಬೆರಳು ಮಂದಾರಳ ಕಡೆ ಹೋಗಲಿಲ್ಲ, ರವಿಕಿರಣನ ಕಡೆ ಹೋಯಿತು. ಸಂಪದಾ ಒಳಗೊಳಗೇ ಅಯ್ಯೋ ಎಂದಳು. ಗೈಡನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದವನು ಯಾರಾದರೂ ಇದ್ದರೆ ಅವನೇ.

"ನಿನ್ನ ಕೈಯಾಗ ಅಂತ ಐತಲ್ಲ, ಆ ನೀನು ಯಾರು?"

ರವಿಕಿರಣ ಸಂಪದಾಳನ್ನು ನೋಡಿದ. ದೇವರು ಎಂಬ ಉತ್ತರ ಅವನ ನಾಲಿಗೆಯ ತುದಿಯವರೆಗೆ ಬಂದದ್ದು ಅವಳಿಗೆ ಕಂಡಿತು. ಅವಳು ಕಣ್ಣು ಕೂಡ ಅಲ್ಲಾಡಿಸಲಿಲ್ಲ, ಹೇಳಿಕೊಟ್ಟರೆ ಅದು ಅವನ ಉತ್ತರವಲ್ಲ. ಅವನು ಮಂದಾರ ಕೂತ ಜಾಗ ನೋಡಿದ, ತನ್ನ ಎದುರಿಗಿದ್ದ ಗುರುರಾಜರನ್ನು ನೋಡಿದ.

"ಎದುರಿಗೆ ಕೂತವರು ಸರ್. ಅಲ್ಲಿ ಮಂದಾರ ಕೂತಿದ್ದಾಳೆ, ಅದಕ್ಕೆ ಅವಳು. ಈಗ ನನ್ನ ಎದುರಿಗೆ ನೀವು ಕೂತಿದ್ದೀರ, ಹಾಗಾದ್ರೆ ನೀವೇ."

ಗುರುರಾಜರು ಚೀಟಿಪುಸ್ತಕ ತೆರೆದು ತಾವೇ ಬರೆದುಕೊಂಡದ್ದನ್ನು ನೋಡುತ್ತ ಕೂತರು. ಪಕ್ಕದವರು ಮುಂಜಿಗೆ ಹೊತ್ತಾಯಿತು ಎಂದು ಗಡಿಯಾರ ತೋರಿಸಿದರು. ಸಂಪದಾಳಿಗೆ ಕೋಣೆ ಕೈ ಜಾರುತ್ತಿದೆ ಅನ್ನಿಸಿತು. ಗುರುರಾಜರು ಎದ್ದರು. ಬಾಗಿಲ ಕಡೆ ಹೋಗಲಿಲ್ಲ, ಚಿತ್ರದ ಕಡೆ ನಡೆದು ಮಂದಾರಳಿಗೆ ಸ್ವಲ್ಪ ಸರಿಯಮ್ಮ ಎಂದರು. ಅವಳು ಎದ್ದ ಜಾಗದಲ್ಲಿ, ಒಂದು ಕೈ ಗೋಡೆಗೆ ಕೊಟ್ಟು, ಮೊಣಕಾಲು ನೋಯುತ್ತಿದ್ದರೂ ನೆಲದ ಮೇಲೆ ಕೂತರು. ಕೂತ ರೀತಿ ನೋಡಿಯೇ ಸಂಪದಾಳಿಗೆ ಆಶ್ಚರ್ಯವಾಯಿತು. ಎಡಗಾಲು ತಾನಾಗಿ ಮಡಚಿಕೊಂಡಿತು, ಬಲಗಾಲು ತಾನಾಗಿ ಚಾಚಿಕೊಂಡಿತು, ಕೈ ಗೂಟದ ಕೆಳಭಾಗಕ್ಕೆ ಹೋಯಿತು, ಮೇಲ್ಭಾಗ ಇನ್ನೊಬ್ಬರಿಗೆ ಬಿಟ್ಟ ಹಾಗೆ.

"ನಮ್ಮ ಮನ್ಯಾಗ ಹೆಣ್ಣುಮಕ್ಕಳು ಇರಲಿಲ್ಲ," ಎಂದರು, ಯಾರ ಕಡೆಯೂ ನೋಡದೆ. "ನಮ್ಮವ್ವನ ಎದುರಿಗೆ ನಾನ ಕೂಡ್ತಿದ್ದೆ. ಓಣಿ ಹುಡುಗ್ರು ನಗ್ತಾರಂತ ಬಾಗಲಾ ಹಾಕ್ಕೊಂಡು ಬೀಸ್ತಿದ್ವಿ. ಇವತ್ತಿನ ತನಕ ಯಾರ ಮುಂದೂ ಹೇಳಿಲ್ಲ."

ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಮಂದಾರ ಅವರ ಪಕ್ಕದಲ್ಲೇ ನಿಂತಿದ್ದವಳು, ಏನನ್ನಿಸಿತೋ, ಚಿತ್ರದ ಹೆಂಗಸಿನ ಪರವಾಗಿ ಐದನೆಯ ಸಾಲು ಎತ್ತಿದಳು. ರಟ್ಟೆ ಸೋತರ ಏನು ಗತಿ, ಹಾಡು ನಿಂತರ ಏನು?

ಆರನೆಯ ಸಾಲು ಗೋಡೆಯ ಮೇಲೇ ಇತ್ತು. ಗುರುರಾಜರು ಗೋಡೆ ನೋಡಲಿಲ್ಲ. ಕಣ್ಣು ಗೂಟದ ಮೇಲಿತ್ತು. ಹಾಡೂ ಅಲ್ಲದ ಮಾತೂ ಅಲ್ಲದ ದನಿಯಲ್ಲಿ ಹೇಳಿದರು.

"ನೀ ನಿಲ್ಲಬ್ಯಾಡ ನಮ್ಮವ್ವ, ನನ್ನ ಕೈ ಸಣ್ಣವು."

ಆ ಸಾಲು ಪುಸ್ತಕದಲ್ಲಿ ಇರಲಿಲ್ಲ, ಯಾವ ಗೈಡಿನಲ್ಲೂ ಇರಲಿಲ್ಲ. ಸಂಪದಾ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡಳು. ತಿರುಗಿ ನೋಡುವಷ್ಟರಲ್ಲಿ ಮಕ್ಕಳು ಅದನ್ನು ಹಿಡಿದಾಗಿತ್ತು. ಇಡೀ ತರಗತಿ ಆ ಸಾಲನ್ನು ಏಳನೆಯ ಸಾಲು ಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿತು. ಗುರುರಾಜರು ನಡುವೆ ಕೂತು ಬರೆದ ಕಲ್ಲನ್ನು ತಿರುವುತ್ತಲೇ ಇದ್ದರು. ಅಂಗೈಗೆ ಜೋಳದ ಹಿಟ್ಟು ಮೆತ್ತಿಕೊಂಡಿತು.

ಮುಂಜಿಗೆ ಅವರು ಹೋದದ್ದು ತಡವಾಗಿಯೇ. ಏಳಲು ಆಗದಿದ್ದಾಗ ರವಿಕಿರಣ ಒಂದು ಕಡೆ, ಮಂದಾರ ಒಂದು ಕಡೆ ಹಿಡಿದು ಎತ್ತಿದರು. ಎದ್ದು ನಿಂತು ಪಂಚೆ ಝಾಡಿಸಿಕೊಂಡು, ಜೇಬಿನಿಂದ ಬೀಗದ ಕೈ ತೆಗೆದು ಸಂಪದಾಳ ಕೈಗಿಟ್ಟರು. ಚೀಟಿಪುಸ್ತಕದ ಹಾಳೆಯನ್ನೂ ಹರಿದು ಕೊಟ್ಟರು. ಅದರಲ್ಲಿ ಅವರ ಕಚೇರಿಯ ಅಕ್ಷರದಲ್ಲಿ ಒಂದೇ ಸಾಲು ಇತ್ತು: ಒಬ್ಬಳೇ ಇದ್ದಾಳೆ, ಎದುರಿನವರು ಇಲ್ಲ.

"ತಪ್ಪೈತಿ ಅಂತ ಬರಕೊಂಡಿದ್ದೆ," ಎಂದರು. "ತಿದ್ದಬ್ಯಾಡ್ರಿ. ಆ ಜಾಗ ಹಂಗ ಇರ್ಲಿ."

ಎಲ್ಲರೂ ಹೋದ ಮೇಲೆ ಸಂಪದಾ ಜವಾನನಿಂದ ಸುತ್ತಿಗೆ ತರಿಸಿ, ತನ್ನ ಗೋಡೆಗೆ ತಾನೇ ಮೊದಲ ಮೊಳೆ ಹೊಡೆದಳು. ಮೊಳೆಗೆ ಹೆಗಲ ಚೀಲ ತೂಗುಹಾಕಿ, ಗುರುರಾಜರ ಚೀಟಿಯನ್ನು ಪದ್ಯದ ಪಟ್ಟಿಗಳ ಪಕ್ಕಕ್ಕೆ ಚುಚ್ಚಿದಳು. ಕಿಟಕಿ ಮುಚ್ಚಿಸಿ ನಾಯಕರನ್ನು ಕತ್ತಲಿಗೆ ಕಳಿಸಿದಳು. ಆಮೇಲೆ ಮನೆಗೆ ಫೋನು ಮಾಡಿ ಕೋಣೆ ಸಿಕ್ಕಿತು ಎಂದು ಕೂಗಿದಳು.

ಗಂಗೂಬಾಯಿ ಸಂತೋಷಪಟ್ಟರು, ಆದರೆ ಅವರ ಚಿಂತೆ ಬೇರೆಯದೇ ಇತ್ತು. ಎರಡನೇ ಹೆಂಗಸನ್ನು ಬರೆದೆಯೋ ಇಲ್ಲವೋ ಎಂದು ಕೇಳಿದರು. ಇಲ್ಲ, ಯಾರು ಬೇಕಾದರೂ ಬಂದು ಕೂಡಲಿ ಎಂದು ಜಾಗ ಬಿಟ್ಟಿದ್ದೇನೆ ಎಂದಳು ಸಂಪದಾ. ಆ ಕಡೆಯಿಂದ ಬಾಲ್ಕನಿಯಲ್ಲಿ ತುಳಸಿ ಕುಂಡ ಸರಿಸುವ ಸದ್ದು ಕೇಳಿಸಿತು.

"ಹಂಗಾದ್ರ ಸೋಮವಾರ ನನ್ನ ಕರಕೊಂಡು ಹೋಗು," ಎಂದರು ಗಂಗೂಬಾಯಿ. "ಕಲ್ಲು ತರ್ತೀನಿ."